ಹಿಂದಿನ ಸೀಟಿನ ಬೋಲ್ಟು

ನನ್ನ ಅತ್ತೆ ನೆಟ್ಟಿ ಪ್ರೊಕಾಪ್‌ಚುಕ್ ಇಪ್ಪತ್ತೊಂಬತ್ತು ವರ್ಷ ಸ್ಕೂಲ್ ಬಸ್ ಓಡಿಸಿದವರು. ಮ್ಯಾನಿಟೋಬಾದ ಈ ಬಯಲಿನಲ್ಲಿ ಹಿಮ ಬೀಸತೊಡಗಿದರೆ ರಸ್ತೆ ಯಾವುದು, ಹೊಲ ಯಾವುದು ತಿಳಿಯುವುದಿಲ್ಲ. ಅಂಥದ್ದರಲ್ಲೂ ಅವರ ಬಸ್ಸಿನಲ್ಲಿ ಒಂದು ಮಗುವಿನ ಮೊಣಕಾಲೂ ತರಚಲಿಲ್ಲ. ಸಂಜೆ ಕೊನೆಯ ಮಗು ಇಳಿದ ಮೇಲೆ ಯಾರಾದರೂ ನಿದ್ದೆಹೋಗಿ ಉಳಿದಿದ್ದಾರೆಯೇ ಎಂದು ಬಸ್ಸಿನ ತುದಿಯವರೆಗೆ ನಡೆದು ಪ್ರತಿ ಸೀಟನ್ನೂ ತಟ್ಟಿ ನೋಡುವುದು ಆ ಕೆಲಸದ ನಿಯಮ. ನಿವೃತ್ತರಾದ ಮೇಲೂ ಅವರ ಕೈ ಅದನ್ನು ಬಿಡಲಿಲ್ಲ. ತಮ್ಮ ಕಾರಿನಿಂದ ನನ್ನ ಮಗಳು ಕಲೀನಾಳನ್ನು ಇಳಿಸಿಕೊಂಡು, ಖಾಲಿ ಸೀಟನ್ನೂ ತಟ್ಟಿಯೇ ಬಾಗಿಲು ಹಾಕುತ್ತಿದ್ದರು.

ಆ ಕಾರೇ ನನ್ನ ಸಂಕಟವಾಗಿತ್ತು. ಇಪ್ಪತ್ತೇಳು ವರ್ಷದ, ಕಂದು ಬಣ್ಣದ, ದೋಣಿಯಷ್ಟು ಉದ್ದದ ಕಾರು. ಏರ್‌ಬ್ಯಾಗ್ ಇಲ್ಲ, ಹಿಂದಿನ ಸೀಟಿನಲ್ಲಿ ತಲೆಗೆ ಆಸರೆಯಿಲ್ಲ. ವಾರಕ್ಕೆ ಎರಡು ದಿನ ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಹೋದಾಗ ಅತ್ತೆ ನಮ್ಮ ಮನೆಗೆ ಬಂದು ಕಲೀನಾಳನ್ನು ಹದಿನೆಂಟು ಕಿಲೋಮೀಟರ್ ದೂರದ ತಮ್ಮ ತೋಟದ ಮನೆಗೆ ಕರೆದೊಯ್ಯುತ್ತಿದ್ದರು. ಅವರು ತಲುಪಿ ಫೋನು ಮಾಡುವವರೆಗೆ ನನಗೆ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣುತ್ತಿರಲಿಲ್ಲ. ವಿನಿಪೆಗ್‌ ನಗರದಲ್ಲಿ ಬೆಳೆದ ನಾನು ಪ್ರತಿಯೊಂದನ್ನೂ ಓದಿ ತಿಳಿಯುವವಳು, ತಿಳಿದಷ್ಟೂ ಹೆದರುವವಳು. ಅಪಘಾತದ ಪರೀಕ್ಷೆಗಳ ವರದಿಗಳನ್ನು ಓದುತ್ತಾ ಕೂತರೆ ಗಂಡ ಡ್ಯಾರಿಲ್ ನಗುತ್ತಿದ್ದ. ಅಮ್ಮನ ಕಾರು ಟ್ಯಾಂಕ್ ಇದ್ದ ಹಾಗೆ, ಗುದ್ದಿದವನಿಗೇ ಪೆಟ್ಟು ಎನ್ನುತ್ತಿದ್ದ.

ಅತ್ತೆಯ ಕಾಳಜಿಯಲ್ಲಿ ಕೊರತೆ ಹುಡುಕಲು ನನ್ನಿಂದ ಆಗುತ್ತಿರಲಿಲ್ಲ. ದಪ್ಪ ಚಳಿ ಅಂಗಿಯ ಮೇಲೆ ಬೆಲ್ಟ್ ಕಟ್ಟಿದರೆ ಅದು ಸಡಿಲವಾಗಿಯೇ ಇರುತ್ತದೆ, ಅಂಗಿ ಬಿಚ್ಚಿಯೇ ಕಟ್ಟಬೇಕು ಎಂದು ನಾನು ಹೇಳಿದ ಮಾರನೆಯ ದಿನದಿಂದಲೇ ಅವರು ಅರ್ಧ ಗಂಟೆ ಮೊದಲು ಕಾರು ಚಾಲೂ ಮಾಡಿ ಬಿಸಿಮಾಡತೊಡಗಿದರು. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಬೆಳಗುಗಳಲ್ಲೂ ಅದು ತಪ್ಪಲಿಲ್ಲ. ಅಂಥವರಿಗೆ "ನಿಮ್ಮ ಕಾರಿನಲ್ಲಿ ಮಗಳನ್ನು ಕಳಿಸಲಾರೆ" ಎಂದು ಯಾವ ಬಾಯಿಂದ ಹೇಳುವುದು? ಆ ಕಾರು ಮಾವ ವಸೀಲ್ ಅವರದು. ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ನಾನು ಹೇಳಲಾರದ್ದನ್ನು ಬೇರೆಯವರ ಬಾಯಿಂದ ಹೇಳಿಸಲು ಹೊರಟೆ. ನನ್ನ ತಪ್ಪು ಅದೇ. ವಸಂತದಲ್ಲೊಂದು ಶನಿವಾರ ಊರಿನ ಅಗ್ನಿಶಾಮಕ ಠಾಣೆಯಲ್ಲಿ ಕಾರಿನಲ್ಲಿ ಮಕ್ಕಳನ್ನು ಕೂರಿಸಿ ಕಟ್ಟುವ ಪುಟ್ಟ ಸೀಟುಗಳ ತಪಾಸಣೆ ಇರುತ್ತದೆ. ಸೀಟು ಸರಿಯಾಗಿ ಕಟ್ಟಿದೆಯೇ ಎಂದು ಪುಕ್ಕಟೆ ನೋಡಿಕೊಡುತ್ತಾರೆ, ನಿಮ್ಮ ಕಾರನ್ನೇ ತನ್ನಿ ಎಂದು ಅತ್ತೆಗೆ ಹೇಳಿದೆ. ಇಷ್ಟು ಹಳೆಯ ಕಾರು ಬೇಡ ಎಂದು ಠಾಣೆಯವರೇ ಹೇಳುತ್ತಾರೆ, ಕೆಟ್ಟವಳಾಗುವುದು ನನಗೆ ತಪ್ಪುತ್ತದೆ ಎಂಬ ಲೆಕ್ಕಾಚಾರ ನನ್ನದು.

ಅತ್ತೆ ಕಾರು ತೊಳೆದು, ತುಟಿಗೆ ಬಣ್ಣ ಹಚ್ಚಿ, ಆಲೂಗಡ್ಡೆ ತುಂಬಿದ ಕಡುಬಿನಂಥ ಪೆರೋಗಿಯನ್ನು ಒಂದು ಡಬ್ಬಿ ಬೇಯಿಸಿಕೊಂಡು ಬಂದರು. ತಪಾಸಣೆಗೆ ನಿಂತಿದ್ದ ಲೆಸ್ ಒಂದು ಕಾಲದಲ್ಲಿ ಅವರ ಬಸ್ಸಿನ ಹುಡುಗ. ಸಾಲಿನಲ್ಲಿದ್ದ ಅರ್ಧದಷ್ಟು ಅಪ್ಪ-ಅಮ್ಮಂದಿರೂ ಅದೇ ಬಸ್ಸಿನವರು.

"ಏನೋ, ಈಗ ನೀನು ನನಗೆ ಪರೀಕ್ಷೆ ಮಾಡ್ತೀಯಾ? ವಾರಕ್ಕೆ ಎರಡು ಸಲ ನನ್ನ ಬಸ್ಸಲ್ಲಿ ವಾಂತಿ ಮಾಡ್ಕೊಳ್ತಿದ್ದೋನು."

"ನೆಟ್ಟಿ ಆಂಟಿ, ಮಕ್ಕಳೆದುರಿಗೆ ಮರ್ಯಾದೆ ತೆಗೀಬೇಡಿ," ಎಂದು ಲೆಸ್ ಕೆಂಪಗಾದ. ಎಲ್ಲರೂ ನಕ್ಕರು.

ಸೀಟನ್ನು ಅತ್ತೆ ಚೆನ್ನಾಗಿಯೇ ಕಟ್ಟಿದ್ದರು. ಲೆಸ್ ಮೆಚ್ಚಿದ. ಕಲೀನಾಳನ್ನು ನನ್ನ ಕೈಗೆ ಕೊಟ್ಟು, ಆ ಸೀಟನ್ನು ಬಿಗಿದಿದ್ದ ಕಾರಿನ ಬೆಲ್ಟನ್ನು ಹಿಡಿದು ಬಲವಾಗಿ ಜಗ್ಗಿದ. ಇನ್ನೊಮ್ಮೆ ಜಗ್ಗಿದ. ಆಮೇಲೆ ಮಂಡಿಯೂರಿ ಕಾಲಡಿಯ ಹಾಸು ಎತ್ತಿದ. ಚಳಿಗಾಲದುದ್ದಕ್ಕೂ ಹೆದ್ದಾರಿಗೆ ಚೆಲ್ಲುವ ಉಪ್ಪು ತಳವನ್ನೆಲ್ಲ ತಿಂದಿತ್ತು. ತಿಂದ ಜಾಗಕ್ಕೆ ಯಾರೋ ಧಾನ್ಯದ ಕಣಜದ ಅಲೆಅಲೆ ತಗಡು ಹೊದಿಸಿ, ಅಂಚಿಗೆ ರಿವೆಟ್ ಹೊಡೆದಿದ್ದರು. ಬೆಲ್ಟಿನ ಬೋಲ್ಟು ಆ ತಗಡಿನಲ್ಲಿತ್ತು. ಲೆಸ್ ಎರಡು ಬೆರಳಲ್ಲಿ ಹಿಡಿದು ಎಳೆದ. ಬೋಲ್ಟು ಎದ್ದು ಬಂತು.

ಇಲ್ಲಿನವರು ಮುರಿದದ್ದನ್ನು ಎಸೆಯುವುದಿಲ್ಲ, ತೇಪೆ ಹಾಕುತ್ತಾರೆ. ಅಲ್ಲಿ ನಿಂತಿದ್ದವರಲ್ಲಿ ಯಾರ ಪಿಕಪ್ಪಿನ ಕೆಳಗೂ ಅಂಥದೊಂದು ತಗಡು ಇದ್ದೀತು. ಅತ್ತೆ ಬಗ್ಗಿ ನೋಡಿದರು.

"ಅದು ವಸೀಲ್ ಹಾಕಿದ್ದು. ನಾನೇ ಟಾರ್ಚ್ ಹಿಡಿದಿದ್ದೆ."

ಎಷ್ಟು ದಿನದಿಂದ ಸಡಿಲವಾಗಿತ್ತು ಎಂದು ಅವರು ಕೇಳಿದರು. ಹೇಳಲಾಗದು, ಎರಡು ಚಳಿಗಾಲ ಇರಬಹುದು ಎಂದ ಲೆಸ್. ಅವನ ಕಣ್ಣು ನೆಲದ ಮೇಲಿತ್ತು. ಕಲೀನಾಗೆ ಆಗ ಮೂರು ವರ್ಷ. ಅತ್ತೆಯ ಮುಖದಿಂದ ತುಟಿಬಣ್ಣವೊಂದನ್ನು ಬಿಟ್ಟು ಉಳಿದೆಲ್ಲವೂ ಇಳಿದುಹೋದದ್ದನ್ನು ನಾನು ನೋಡಿದೆ. ಅವರು ಕಾರಿನ ಕೀಲಿಯನ್ನು ಲೆಸ್‌ನ ಅಂಗೈಯಲ್ಲಿಟ್ಟು, ಗುಜರಿಗೆ ಹಾಕಪ್ಪ ಎಂದು ಮೆಲ್ಲಗೆ ಹೇಳಿ, ನನ್ನ ಕಾರಿನ ಮುಂದಿನ ಸೀಟಿನಲ್ಲಿ ಬಂದು ಕೂತರು. ಪೆರೋಗಿ ಡಬ್ಬಿ ಅವರ ತೊಡೆಯ ಮೇಲೇ ಇತ್ತು.

ಅರ್ಧ ದಾರಿಯಲ್ಲಿ ಕೇಳಿದರು. "ನಿನಗೆ ಮೊದಲೇ ಅನುಮಾನ ಇತ್ತಾ?"

ಬೋಲ್ಟಿನ ವಿಷಯ ಗೊತ್ತಿರಲಿಲ್ಲ, ಹಳೇ ಕಾರು ಅಂತ ಭಯ ಇತ್ತು ಎಂದೆ.

"ಹೇಳಿದ್ರೆ ಸಾಕಿತ್ತು ಕಣೇ. ಅವತ್ತೇ ಮಾರಿಬಿಡ್ತಿದ್ದೆ. ನನಗೆ ಕಾರಾ ದೊಡ್ಡದು?"

ಆ ಬೋಲ್ಟು ಸಿಕ್ಕಿದ್ದಕ್ಕೆ ದಿನವೂ ದೇವರಿಗೆ ಕೈಮುಗಿಯುತ್ತೇನೆ. ಅದು ಸಿಕ್ಕ ರೀತಿಗೆ ನನ್ನನ್ನು ಕ್ಷಮಿಸಿಕೊಳ್ಳಲಾಗಿಲ್ಲ.

ಜೂನ್‌ನಲ್ಲಿ ಅವರಿಗಾಗಿಯೇ ಬೇರೆ ಕಾರು ತಂದೆವು. ಆರು ಏರ್‌ಬ್ಯಾಗ್, ಸೀಟು ಸಿಕ್ಕಿಸಲು ಉಕ್ಕಿನ ಕೊಂಡಿಗಳು, ಎಲ್ಲವನ್ನೂ ನಾನೇ ಓದಿ ಆರಿಸಿದ್ದು. ಡ್ಯಾರಿಲ್ ಕೀಲಿ ಚಾಚಿದ. ಅತ್ತೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡರು, ಮತ್ತೆ ಮತ್ತೆ ಒರೆಸಿಕೊಂಡರು, ತೆಗೆದುಕೊಳ್ಳಲಿಲ್ಲ.

"ಚೆನ್ನಾಗಿದೆ. ನೀವೇ ಇಟ್ಕೊಳ್ಳಿ. ಮಗು ಕೂರಿಸ್ಕೊಂಡು ಓಡ್ಸೋದು ನನ್ನ ಕೈಲಿ ಆಗಲ್ಲ ಇನ್ಮೇಲೆ."

ಅವನು ಬೈದ, ಮುದ್ದು ಮಾಡಿದ, ಇಪ್ಪತ್ತೊಂಬತ್ತು ವರ್ಷಗಳನ್ನು ನೆನಪಿಸಿದ. ಅದೇ ತನಗೆ ನಿದ್ದೆ ಬರದಂತೆ ಮಾಡಿರುವುದು ಎಂದರು ಅತ್ತೆ. ಆ ವರ್ಷಗಳಲ್ಲಿ ತಾನು ಏನನ್ನು ಸರಿಯಾಗಿ ನೋಡಿರಲಿಲ್ಲವೋ, ಯಾವ ಮಗು ಬರೀ ಅದೃಷ್ಟದಿಂದ ಮನೆ ಸೇರಿತ್ತೋ ಎಂದು ಒಂದೊಂದೇ ಮುಖ ನೆನೆಯುತ್ತಾ ಮಲಗಿರುತ್ತಾರಂತೆ.

ನಾನು ಕೆಲಸಕ್ಕೆ ಹೋಗುವ ದಿನ ಕಲೀನಾ ಈಗ ಊರಿನಲ್ಲೇ ಒಬ್ಬರ ಮನೆಯಲ್ಲಿ ಬೇರೆ ಮಕ್ಕಳ ಜೊತೆ ಇರುತ್ತಾಳೆ. ಅಜ್ಜಿಯನ್ನು ಬಾಬಾ ಎಂದು ಕರೆಯುವ ಅವಳು, ಬಾಬಾ ಯಾಕೆ ಬರೋದಿಲ್ಲ ಎಂದು ಮೊದಮೊದಲು ಅಳುತ್ತಿದ್ದಳು. ಈಗ ಕೇಳುವುದನ್ನು ಬಿಟ್ಟಿದ್ದಾಳೆ. ಭಾನುವಾರ ಮಾತ್ರ ನಾನೇ ಹೋಗಿ ಅತ್ತೆಯನ್ನು ಚರ್ಚಿಗೆ ಕರೆದೊಯ್ಯುತ್ತೇನೆ. ಅವರು ಕಲೀನಾಳ ಪಕ್ಕ, ಹಿಂದೆ ಕೂರುತ್ತಾರೆ. ಜಲ್ಲಿ ರಸ್ತೆ ಮುಗಿಯುವ ಮುನ್ನವೇ ಅವರ ದನಿ ಬರುತ್ತದೆ.

"ಒಂದ್ಸಲ ನಿಲ್ಸಮ್ಮ. ಬೆಲ್ಟ್ ನೋಡು."

ಹೊರಡುವಾಗಲೇ ನೋಡಿದ್ದೇನೆ ಎಂದು ನಾನು ಹೇಳುವುದಿಲ್ಲ. ಬದಿಗೆ ನಿಲ್ಲಿಸಿ, ಇಳಿದು, ಅವರ ಕಣ್ಣೆದುರಿಗೆ ಬಲವಾಗಿ ಜಗ್ಗಿ ತೋರಿಸುತ್ತೇನೆ. ಸರಿ ಎಂದು ತಲೆಯಾಡಿಸುತ್ತಾರೆ. ಚರ್ಚು ತಲುಪುವಷ್ಟರಲ್ಲಿ ಎರಡು ಸಲವಾದರೂ ಹೀಗೆ ನಿಲ್ಲಿಸುತ್ತೇವೆ.