ಕುರಿ ಎಣಿಸಿದ್ದಕ್ಕೆ

ಕುರಿ ಎಣಿಸಿದ್ದಕ್ಕೆ ಯಾರಾದರೂ ಬೈಯುತ್ತಾರೆಯೇ? ಸುರಪುರಕ್ಕೆ ಬಂದ ವರ್ಷ ನಾನು ಬೈಸಿಕೊಂಡೆ.

ಮಂಡ್ಯದಿಂದ ಇಂಗ್ಲಿಷ್ ಟೀಚರಾಗಿ ಬಂದ ನನಗೆ ಬಾಡಿಗೆಗೆ ಮನೆ ಕೊಟ್ಟವರು ಕುರಿ ಸಾಕುವ ನಿಂಗಮ್ಮ. ಅವರ ಮಗಳು ದೇವಮ್ಮ ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿದ್ದಳು. ಈ ಸಲವೂ ಹೋದರೆ ಓದು ಬಿಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಸಂಜೆ ಹೊತ್ತು ನಾನೇ ಪಾಠ ಹೇಳಿಕೊಡತೊಡಗಿದೆ.

ಎಣಿಸಬಹುದಾದ ನಾಮಪದ, ಎಣಿಸಲಾಗದ ನಾಮಪದ. ಇಷ್ಟಕ್ಕೇ ನನ್ನ ತಲೆ ಚಿಟ್ಟು ಹಿಡಿದುಹೋಯಿತು. ಮಳೆಯನ್ನು ಎಣಿಸುವಂತಿಲ್ಲ ಎಂದರೆ, "ಯಾಕ್ರಿ ಟೀಚರ್, ಈ ಸಲ ಮೂರ ಮಳಿ ಆಗ್ಯಾವಲ್ರಿ?" ಎನ್ನುವಳು. ರೊಟ್ಟಿ ಎಣಿಸು ಎಂದರೆ ನಗುವಳು. ನಮ್ಮ ಕಡೆ ಎಷ್ಟು ಮುದ್ದೆ ಎಂದು ಕೇಳಿಯೇ ಬಡಿಸುತ್ತಾರೆ. ಇಲ್ಲಿ ಉಣ್ಣುವವರ ರೊಟ್ಟಿ ಎಣಿಸಿದರೆ ಮನೆಯ ಮರ್ಯಾದೆ ಹೋದಂತೆ. ಹೋಗಲಿ, ಕುರಿ?

"ಕುರಿ ಎಣಸಬಾರದ್ರಿ."

ನನಗೆ ರೇಗಿಹೋಯಿತು. ಅವಳನ್ನು ಹಟ್ಟಿಗೆ ಎಳೆದೊಯ್ದು, ಒಂದೊಂದೇ ಕುರಿಯತ್ತ ಬೆರಳು ಮಾಡಿ ಗಟ್ಟಿಯಾಗಿ ಎಣಿಸಿದೆ: ಒನ್, ಟೂ, ತ್ರೀ...

"ಏ ಟೀಚರವ್ವಾ, ಬಾಯಿ ಮುಚ್ಚರಿ! ಜೀವ ಎಣಸ್ತಾರೇನ್ರಿ? ನೆದರ ಆಗ್ತದ!" ನಿಂಗಮ್ಮ ಕೈಯಲ್ಲಿದ್ದ ಸೊಪ್ಪು ಎಸೆದು ಓಡಿಬಂದರು. ನೆದರು ಎಂದರೆ ದೃಷ್ಟಿ. ಮರುದಿನದಿಂದ ದೇವಮ್ಮ ಪಾಠಕ್ಕೆ ಬರಲಿಲ್ಲ.

ಥೂ, ಎಂಥ ಊರಪ್ಪಾ ಇದು! ವರ್ಗ ಸಿಕ್ಕರೆ ಸಾಕೆನಿಸಿತು. ಆದರೆ ಪರೀಕ್ಷೆ ಹತ್ತಿರ ಬರುತ್ತಿತ್ತು. ಸಿಟ್ಟು ನುಂಗಿಕೊಂಡು ಅವರ ಬಾಗಿಲಿಗೆ ಹೋದೆ.

"ಹುಡುಗಿ ಓದು ಹಾಳಾಗುತ್ತೆ ನಿಂಗಮ್ಮಾ, ಕಳಿಸಿ."

ಅವರು ಹೊಸ್ತಿಲ ಮೇಲೆ ಕೂತರು. "ಹಿಂದೊಮ್ಮಿ ಯಾರೋ ಬಂದು ನನ್ನ ಮಕ್ಕಳನ್ನ ಬೆರಳು ಮಾಡಿ ಎಣಿಸಿ ಹೋದ್ರು. ಅದೇ ವರ್ಷ ಒಂದ ಕೂಸು ಹೋತ್ರಿ. ಕಲ್ಲ ಎಣಸ್ರಿ, ಕುರ್ಚಿ ಎಣಸ್ರಿ. ಜೀವ ಇದ್ದದ್ದು ಬ್ಯಾಡ್ರಿ."

ಇನ್ನು ಜೀವ ಎಣಿಸುವುದಿಲ್ಲ ಎಂದು ಮಾತು ಕೊಟ್ಟೆ. ಅಂದಿನಿಂದ ನಾವು ಕಲ್ಲು, ಕುರ್ಚಿಗಳನ್ನೇ ಎಣಿಸಿದೆವು. ದೇವಮ್ಮ ಪಾಸಾದಳು, ನರ್ಸಿಂಗ್ ಓದಲು ಕಲಬುರಗಿಗೆ ಹೋದಳು. ಮಗಳಿಲ್ಲದ ಮನೆಯಲ್ಲಿ ನಿಂಗಮ್ಮ ನನ್ನನ್ನು ಕೂರಿಸಿಕೊಂಡು ರೊಟ್ಟಿ ಹಾಕುತ್ತಲೇ ಇರುತ್ತಾರೆ. ಸಾಕೆಂದರೂ ಕೇಳುವುದಿಲ್ಲ. ಆದರೂ ಓಣಿಯವರಿಗೆ ನಾನು ಇಂದಿಗೂ "ಮಂಡ್ಯದಾಕಿ".

ರಜೆಗೆ ಊರಿಗೆ ಹೋದೆ. ಅಮ್ಮ ಬಿಸಿ ಮುದ್ದೆ ಕಟ್ಟುತ್ತಾ, "ಎಷ್ಟು ಹಾಕ್ಲಿ ಮಗಾ?" ಎಂದಳು.

"ಎಣಸಬ್ಯಾಡವ್ವ, ಹಾಕು," ಎಂದುಬಿಟ್ಟೆ.

ಅಮ್ಮನ ಕೈ ನಿಂತಿತು. "ಯಾವೂರ ಮಾತು ಮಗಾ ಇದು?" ಎಂದು ನನ್ನ ಮುಖವನ್ನೇ ನೋಡಿದಳು.