ಎದೆಯಿಂದ ಇಳಿಸಿದ ಕೂಸು

ನನ್ನ ಅಕ್ಕನ ಗಂಡ ಧರೆಪ್ಪನಷ್ಟು ನಾಚಿಕೆಯ ಗಂಡಸನ್ನು ನಾನು ಇನ್ನೂ ಕಂಡಿಲ್ಲ. ಅವರ ಊರು ಅಂಕಲಿಯಲ್ಲಿ ಇದನ್ನು ದೊಡ್ಡ ಗುಣವೆಂದು ಹೊಗಳುವವರೇ ಹೆಚ್ಚು. ಹಿರಿಯರ ಎದುರು ದನಿ ಎತ್ತಿದವನಲ್ಲ, ಹೆಂಡತಿಯ ಜೊತೆ ನಾಲ್ಕು ಮಂದಿಯ ಮುಂದೆ ಮಾತಾಡಿದವನಲ್ಲ ಎಂದು ಮೆಚ್ಚುತ್ತಾರೆ. ನನಗೋ, ಆ ಗುಣ ನೋಡಿದರೆ ಮದುವೆಯ ದಿನದಿಂದಲೂ ಮೈ ಉರಿಯುತ್ತಿತ್ತು. ಒಡಪು ಹೇಳಿ ಹೆಂಡತಿಯ ಹೆಸರು ಹೇಳಬೇಕೆಂದು ನಾವು ಹುಡುಗಿಯರು ಬಾಗಿಲಿಗೆ ಅಡ್ಡ ನಿಂತರೆ, ಬೆವರು ಒರೆಸಿಕೊಳ್ಳುತ್ತಾ ನಿಂತು ನಿಂತು, ಕೊನೆಗೆ ಹಿತ್ತಲ ಬಾಗಿಲಿನಿಂದ ಒಳಗೆ ಹೋದ ಮದುಮಗ ಅವನು.

ಚಿಕ್ಕೋಡಿಯ ಸಂತೆಗೆ ಹೊರಟರೆ ಬಸ್ಸಿನಲ್ಲಿ ಅಕ್ಕ ಮುಂದೆ, ಅವನು ಕಟ್ಟಕಡೆಯ ಸೀಟಿನಲ್ಲಿ. ಒಮ್ಮೆ ತಿರುಗಿ ಬರುವಾಗ ಅಕ್ಕನಿಗೆ ನಿದ್ದೆ ಹತ್ತಿತು. ಅಂಕಲಿ ಬಂದಿತು, ಜನ ಇಳಿದರು. ಅಷ್ಟು ಮಂದಿಯ ನಡುವೆ ಹೆಂಡತಿಯನ್ನು ಕೂಗಿ ಎಬ್ಬಿಸಲು ನಾಚಿಕೆಯಾಗಿ ಅವನೂ ಸುಮ್ಮನೆ ಕೂತ. ಮುಂದಿನ ಊರಿನಲ್ಲಿ ಇಳಿದು ಇಬ್ಬರೂ ನಡೆದು ಬಂದರು, ಅದೂ ನಡುವೆ ಒಂದು ಹೊಲದಷ್ಟು ಅಂತರ ಇಟ್ಟುಕೊಂಡು. ಅಕ್ಕ ಶಿವಗಂಗವ್ವ ಇದನ್ನು ನಗುತ್ತಾ ಹೇಳುತ್ತಿದ್ದಳು. ನಾನು ನಗಲಿಲ್ಲ.

ಅವನೊಬ್ಬನದೇ ತಪ್ಪು ಅನ್ನಲಾರೆ. ಆ ಮನೆಯ ರೀತಿಯೇ ಹಾಗಿತ್ತು. ಅವನ ಅಪ್ಪ ಮುರಗೆಪ್ಪನವರು ಪಡಸಾಲೆಯಲ್ಲಿ ಕೂತಿದ್ದರೆ ಗಂಡುಮಕ್ಕಳು ಗೋಡೆ ಹಿಡಿದು ನಡೆಯುವವರು. ಅಪ್ಪನ ಕಣ್ಣೆದುರು ತನ್ನ ಕೂಸನ್ನು ತಾನು ಎತ್ತಿಕೊಳ್ಳುವುದು, ಮುದ್ದು ಮಾಡುವುದು ಅಂದರೆ ಮರ್ಯಾದೆಗೆಟ್ಟ ಕೆಲಸ. ಅಣ್ಣನ ಕೂಸನ್ನು ಎತ್ತಿಕೊಳ್ಳಬಹುದು, ಅದಕ್ಕೆ ಅಡ್ಡಿಯಿಲ್ಲ. ಹಾಗಾಗಿ ಅಣ್ಣ ಬಾಬಾಸಾಹೇಬನ ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ನಮ್ಮ ಧರೆಪ್ಪನೇ. ಆ ಮಕ್ಕಳು ಎಡವಿ ಬಿದ್ದರೂ ಅವರ ಸ್ವಂತ ಅಪ್ಪ ಕುಳಿತಲ್ಲಿಂದ ಏಳುತ್ತಿರಲಿಲ್ಲ, ಹೆಂಗಸರು ಬಂದು ಎತ್ತಲಿ ಎಂದು ಬೇರೆ ಕಡೆ ನೋಡುತ್ತಿದ್ದ.

ಬಹಳ ವರ್ಷ ಕಾಯಿಸಿ ಅಕ್ಕನಿಗೆ ಬಸಿರು ನಿಂತಿತು. ತೊಂಬತ್ತಾರರ ಚಳಿಗಾಲ, ಕಬ್ಬು ಕಡಿಯುವ ಸುಗ್ಗಿ. ಬಸುರಿಗೆ ಮಾಡುವ ಕುಬುಸದ ಶಾಸ್ತ್ರ ಮುಗಿದು ನಾನು ಅವಳನ್ನು ತವರಿಗೆ ಕರೆದೊಯ್ಯಲು ಬಂದಿದ್ದೆ. ಹೊರಡುವ ದಿನ ಅವಳ ಕಾಲು, ಮುಖ ಬಾತುಕೊಂಡವು, ತಲೆನೋವು ಎಂದು ಕೂತವಳಿಗೆ ಕೂತಲ್ಲಿಯೇ ಕೈಕಾಲು ಸೆಟೆದು ಝಟಕೆ ಬಂದವು. ಜೀಪಿನಲ್ಲಿ ಹಾಕಿಕೊಂಡು ನಿಪ್ಪಾಣಿಯ ಒಂದು ದವಾಖಾನೆಗೆ ಒಯ್ದೆವು. ಆಪರೇಷನ್ ಮಾಡಿ ಕೂಸನ್ನು ತೆಗೆದರು. ಹೆಣ್ಣು. ತಿಂಗಳು ತುಂಬದ ಕೂಸು, ಎರಡು ಅಂಗೈಯಲ್ಲಿ ಹಿಡಿಯುವಷ್ಟೇ ಇತ್ತು. ಮೈ ಮೇಲಿನ ಚರ್ಮದೊಳಗಿಂದ ನರಗಳು ಕಾಣುತ್ತಿದ್ದವು, ಅಳಲು ಬಾಯಿ ತೆರೆದರೆ ದನಿಯೇ ಬರುತ್ತಿರಲಿಲ್ಲ.

ಕೂಸನ್ನು ಒಳಗಿನ ಕೋಣೆಯಲ್ಲಿ ಕಾಚು ಎಂದು ಕರೆಯುವ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅಕ್ಕ ಇನ್ನೊಂದು ಕೋಣೆಯಲ್ಲಿ ಸಲಾಯಿನ್ ಹಚ್ಚಿಕೊಂಡು, ಜ್ವರದಲ್ಲಿ, ಅರ್ಧ ಎಚ್ಚರದಲ್ಲಿ ಇದ್ದಳು. ಪೆಟ್ಟಿಗೆ ಬೆಚ್ಚಗಿರುವುದು ಕರೆಂಟಿನಿಂದ. ಆಗ ನಿಪ್ಪಾಣಿಯಲ್ಲಿ ಕರೆಂಟು ಇರುತ್ತಿದ್ದುದಕ್ಕಿಂತ ಹೋಗುತ್ತಿದ್ದುದೇ ಹೆಚ್ಚು. ಜನರೇಟರು ಆಪರೇಷನ್ ಕೋಣೆಗೆ ಮಾತ್ರ ಸಾಲುತ್ತಿತ್ತು. ಎರಡು ಸಲ ಕೂಸು ತಣ್ಣಗಾದ ಮೇಲೆ ನೇಮಿನಾಥ ಡಾಕ್ಟರು ಧರೆಪ್ಪನನ್ನು ಕರೆದರು.

"ಅಂಗಿ ತಗದು ಕೂಸಿನ್ನ ಎದಿ ಮ್ಯಾಲ ಹಾಕ್ಕೋರಿ. ಮೈಗೆ ಮೈ ಹತ್ತಬೇಕು. ದೊಡ್ಡ ಊರಾಗೂ ಈಗ ಹಿಂಗ ಮಾಡಾಕತ್ತಾರ. ಕರೆಂಟ ಹೋದ್ರೂ ಮನಷ್ಯಾನ ಎದಿ ಬೆಚ್ಚಗ ಇರ್ತೈತಿ."

ಧರೆಪ್ಪ ನೆಲ ನೋಡಿದ. "ನಮ್ಮವ್ವನ್ನ ಕರಸ್ತೀನ್ರಿ."

"ಅವರಿಗೆ ದಮ್ಮು ಐತಿ, ಸದಾ ಕೆಮ್ಮತಾರ ಅಂತ ನೀವ ಹೇಳಿದ್ರಿ. ಅಂಥವರನ್ನ ಒಳಗ ಬಿಡೂದಿಲ್ಲ."

"ಹಂಗಾರ ಈ ಸೀತವ್ವ ಹಿಡಕೋತಾಳ್ರಿ."

ಡಾಕ್ಟರು ನನ್ನ ಕಡೆ ನೋಡಿದರು. ನೆಗಡಿಯಿಂದ ನನ್ನ ಮೂಗು ಕೆಂಪಗೆ ಸೋರುತ್ತಿತ್ತು. ಅವರು ನನ್ನನ್ನು ಗಾಜಿನ ಕಿಟಕಿಯ ಹೊರಗೆ ನಿಲ್ಲಿಸಿದರು. "ತಾಯಿ ಏಳೂಮಟಾ ನೀವ ಒಬ್ಬರ. ದಿನಕ್ಕೊಬ್ಬರು ಬದಲಾದ್ರ ಕೂಸಿಗೆ ರೋಗ ಹತ್ತತೈತಿ," ಎಂದು ಧರೆಪ್ಪನಿಗೆ ಹೇಳಿ ಹೋದರು.

ಧರೆಪ್ಪ ಬಾಗಿಲು ಮುಚ್ಚಿಸಿದ, ಪರದೆ ಎಳೆಸಿದ. ಅಂಗಿಯ ಗುಂಡಿಗೆ ಕೈ ಹಾಕಿ ಮತ್ತೆ ನಿಂತ. ಸುಂದರಾ ಸಿಸ್ಟರು ಬಾಯಿ ಬಿಟ್ಟೇ ಅಂದಳು: "ಸಾಹುಕಾರ, ನೀವೇನು ಹಡ್ಯಾಕ ಬ್ಯಾಡ್ರಿ. ಅಂಗಿ ತಗದ್ರ ಸಾಕು."

ಪರದೆ ಸರಿಯಾಗಿ ಮುಚ್ಚಿರಲಿಲ್ಲ. ಅವನು ಗೋಡೆಯ ಕಡೆ ಮುಖ ಮಾಡಿ ಕುಳಿತದ್ದು ನನಗೆ ಕಾಣಿಸಿತು. ಸಿಸ್ಟರು ಕೂಸನ್ನು ಅವನ ಬರಿ ಎದೆಯ ಮೇಲೆ ಕಪ್ಪೆಯ ಹಾಗೆ ಮಲಗಿಸಿ ಬಟ್ಟೆಯಿಂದ ಕಟ್ಟಿದಳು. ಅವನು ಉಸಿರು ಬಿಗಿ ಹಿಡಿದ. ಕಿವಿಯವರೆಗೆ ಕೆಂಪಾಗಿದ್ದ. ಸ್ವಲ್ಪ ಹೊತ್ತಿಗೆ ಕೂಸು ಮೂಗಿನ ನಳಿಗೆಯೊಂದಿಗೇ ತಲೆ ಹೊರಳಿಸಿ ಅವನ ಎದೆಗೆ ಕೆನ್ನೆ ಹಚ್ಚಿತು. ಆಮೇಲೆ ಅವನು ಉಸಿರು ಬಿಟ್ಟ.

ದಿನ ಕಳೆದಂತೆ ಅವನು ಬದಲಾಗತೊಡಗಿದ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೂಸಿನೊಂದಿಗೆ ಪಿಸುಗುಡುತ್ತಿದ್ದ. ಹೊಳೆಯ ದಂಡೆಯ ಹೊಲಕ್ಕೆ ನೀರು ಬಿಟ್ಟದ್ದು, ಎಮ್ಮೆ ಗಬ್ಬವಾದದ್ದು, ಯಾವ ತುಂಡಿನ ಕಬ್ಬು ಮೊದಲು ಕಡಿಯಬೇಕು ಎಂಬುದು, ಎಲ್ಲ ವರದಿ ಒಪ್ಪಿಸುತ್ತಿದ್ದ. ಅಕ್ಕನ ಜೊತೆ ಅಷ್ಟು ವರ್ಷದಲ್ಲಿ ಅಷ್ಟು ಮಾತಾಡಿದ್ದನೋ ಇಲ್ಲವೋ. ಒಮ್ಮೆ ಕೂಸಿನ ನೆತ್ತಿಗೆ ಮೂಗು ಹಚ್ಚಿ ಸುಮ್ಮನೆ ಕೂತಿದ್ದನ್ನು ನೋಡಿ, ಇಷ್ಟು ದಿನ ಇವನ ಮೇಲೆ ನಾನು ಕಾರಿದ ಸಿಟ್ಟಿನಲ್ಲಿ ಅರ್ಧ ಕರಗಿತು.

ಆದರೆ ಊರಿಗೆ ಅವನು ಹೇಳಿ ಕಳಿಸಿದ್ದು ಬೇರೆ. ಬಂದವರಿಗೆಲ್ಲ "ಕೂಸು ಕಾಚಿನ್ಯಾಗ ಐತಿ" ಅನ್ನುತ್ತಿದ್ದ. ನನಗೂ "ಎದಿ ಮ್ಯಾಲಿನ ಮಾತು ಮನ್ಯಾಗ ಆಡಬ್ಯಾಡವ್ವ, ಅಪ್ಪನ ಕಿವಿಗೆ ಬೀಳೂದು ಬ್ಯಾಡ" ಎಂದು ಕೈ ಮುಗಿದಿದ್ದ. ಕೂಸು ಹನಿ ಹನಿ ಹಾಲು ಕುಡಿಯತೊಡಗಿತ್ತು. ಇನ್ನಷ್ಟು ದಿನ ಹೀಗೆಯೇ ಹಿಡಿದರೆ ಉಳಿಯುತ್ತದೆ, ಆದರೆ ಹೊರಗೆ ತಣ್ಣಗೆ ಬಿಟ್ಟರೆ ಉಸಿರು ಮರೆತುಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು.

ಅಂಥದೊಂದು ಮಧ್ಯಾಹ್ನ, ಕರೆಂಟು ಹೋಗಿದ್ದಾಗ, ಮುರಗೆಪ್ಪನವರು ಹೇಳದೆ ಕೇಳದೆ ಬಂದರು. ಹಿರಿಯರು ಹೆಂಗಸರಿರುವ ಕಡೆ ಹೋಗುವ ಮುನ್ನ ಕೆಮ್ಮಿ ಹೋಗುವುದು ನಮ್ಮ ಕಡೆಯ ಪದ್ಧತಿ. ಸಿಸ್ಟರುಗಳು ಇರುವ ಜಾಗವಲ್ಲವೇ, ಅವರು ನಡುಹಾದಿಯಲ್ಲೇ ಜೋರಾಗಿ ಕೆಮ್ಮಿದರು. ಆ ಕೆಮ್ಮು ಧರೆಪ್ಪನಿಗೆ ಹುಟ್ಟಿದಾಗಿನಿಂದ ಗೊತ್ತು. ಮನಸ್ಸು ಯೋಚಿಸುವ ಮೊದಲೇ ಕೈ ಕೆಲಸ ಮಾಡಿತು. ಬಟ್ಟೆಯ ಗಂಟು ಬಿಚ್ಚಿದ, ಕೂಸನ್ನು ಎದೆಯಿಂದ ಕಿತ್ತು ತಣ್ಣಗಿದ್ದ ಪೆಟ್ಟಿಗೆಯಲ್ಲಿಟ್ಟ, ಅಂಗಿ ತೊಟ್ಟುಕೊಂಡ. ಅಪ್ಪ ಒಳಗೆ ಬರುವಷ್ಟರಲ್ಲಿ ಕೈಕಟ್ಟಿ ನಿಂತಿದ್ದ.

"ಹ್ಯಾಂಗೈತಿ?" ಅಂದರು ಮುರಗೆಪ್ಪನವರು, ಪೆಟ್ಟಿಗೆಯ ಕಡೆ ನೋಡದೆ.

"ಐತ್ರಿ," ಅಂದ ಮಗ.

ಆಮೇಲೆ ಮಾತು ಕಬ್ಬಿನ ಕಡೆ ಹೊರಳಿತು. ಕಡಿಯುವ ಆಳುಗಳ ಟೋಳಿ ಬಂದಿಲ್ಲ, ಪಕ್ಕದ ಹೊಲದವರದು ಆಗಲೇ ಹೋಯಿತು, ಬಾಬಾಸಾಹೇಬ ಒಬ್ಬನೇ ಎಷ್ಟು ಓಡಾಡುತ್ತಾನೆ. ಮೊಮ್ಮಗಳನ್ನು ನೋಡಲೆಂದೇ ಬಸ್ಸು ಬದಲಿಸಿ ಬಂದ ಮುದುಕ, ನೋಡುವ ಆಸೆ ತೋರಿಸಲು ನಾಚಿ ಕಬ್ಬಿನ ಮಾತಾಡುತ್ತಿದ್ದರು. ಮಗ "ಹೌದ್ರಿ, ಹೌದ್ರಿ" ಅನ್ನುತ್ತಿದ್ದ. ಅವನ ಕಣ್ಣು ಮಾತ್ರ ಪೆಟ್ಟಿಗೆಗೂ ಅಪ್ಪನಿಗೂ ನಡುವೆ ಒದ್ದಾಡುತ್ತಿತ್ತು. ನಾನು ಕಿಟಕಿಯಿಂದ ನೋಡಿದೆ. ಕೂಸಿನ ಮೈ ಮೇಲಿನ ಬಟ್ಟೆ ಅಲುಗುತ್ತಿರಲಿಲ್ಲ. ನಾನು ಸುಂದರಾ ಸಿಸ್ಟರನ್ನು ಕರೆಯಲು ಓಡಿದೆ.

ಕೂಸು ನೀಲಿಗಟ್ಟಿತ್ತು. ಸಿಸ್ಟರು ಅಂಗಾಲು ತಿಕ್ಕಿದಳು, ಬೆನ್ನು ತಿಕ್ಕಿದಳು. ಡಾಕ್ಟರು ಓಡಿ ಬಂದು ರಬ್ಬರಿನ ಚೀಲ ಒತ್ತಿ ಒತ್ತಿ ಬಾಯಿಗೆ ಗಾಳಿ ಕೊಟ್ಟರು. ಧರೆಪ್ಪ ಗೋಡೆಗೆ ಒರಗಿ ನಿಂತಿದ್ದ. ಸತ್ತರೆ ತಾನೇ ಕೊಂದೆ ಎಂಬುದು ಅವನ ಮುಖದ ಮೇಲೆ ಬರೆದಂತಿತ್ತು. ಕೊನೆಗೆ ಕೂಸು ಸ್ವಲ್ಪ ಹಾಲು ಕಾರಿ, ಬೆಕ್ಕಿನ ಮರಿಯಂತೆ ಒಂದು ದನಿ ಮಾಡಿತು. ಮತ್ತೆ ಉಸಿರಾಡತೊಡಗಿತು.

"ಯಾಕ ಇಳಿಸಿದ್ರಿ?" ಡಾಕ್ಟರು ಕೇಳಿದರು.

ಮುರಗೆಪ್ಪನವರಿಗೆ ತಿಳಿಯಲಿಲ್ಲ. "ಎಲ್ಲಿಂದ ಇಳಸೂದ್ರಿ? ಕೂಸು ಕಾಚಿನ್ಯಾಗ ಇತ್ತಲ್ಲ."

"ಕಾಚು ತಣ್ಣಗಾಗೇತ್ರಿ, ಯಜಮಾನ್ರ. ನಿಮ್ಮ ಮಗ ಇಷ್ಟ ದಿನ ಎದಿ ಮ್ಯಾಲ ಕಟಗೊಂಡು ಬದುಕಿಸ್ಯಾರ. ಇವತ್ತ ಯಾಕ ಇಳಿಸಿದ್ರಂತ ನೀವ ಕೇಳ್ರಿ."

ಮುದುಕ ಮಗನನ್ನು ನೋಡಿದರು. ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು.

"ನನ್ನ ಕೆಮ್ಮ ಕೇಳಿ ಇಳಿಸಿದಿ?"

"ಹೌದ್ರಿ."

ಆ ಕೋಣೆಯಲ್ಲಿ ಯಾರ ಮುಖ ಯಾರಿಗೂ ನೋಡಲಾಗಲಿಲ್ಲ. ಮುರಗೆಪ್ಪನವರು ಬಾಗಿಲ ಕಡೆ ತಿರುಗಿದರು. ತಾನು ಹೊರಗೆ ಹೋದರೆ ಮಗ ಅಂಗಿ ಬಿಚ್ಚಿ ಕೂಸನ್ನು ಎತ್ತಿಕೊಂಡಾನು ಎಂಬ ಮರ್ಯಾದೆ ಅದು. ಅವರು ಬಲ್ಲ ರೀತಿ ಅಷ್ಟೇ. ಹೊಸ್ತಿಲು ದಾಟುವ ಮೊದಲು ಧರೆಪ್ಪ ಮಾತಾಡಿದ.

"ಹೋಗಬ್ಯಾಡ್ರಿ ಅಪ್ಪಾ. ಇಲ್ಲೇ ನಿಂದರ್ರಿ. ನೀವು ಈಗ ಹೋದ್ರ, ಮುಂದ ಬಂದಾಗ ನಾ ಮತ್ತ ಇಳಸ್ತೀನಿ."

ಅಂದವನೇ ಅಂಗಿ ತೆಗೆದ. ಅಪ್ಪನ ಎದುರು, ಹೆಂಡತಿಯ ತಂಗಿಯ ಎದುರು, ಪರದೆ ಪೂರ್ತಿ ಸರಿದಿದ್ದ ಕಿಟಕಿಯ ಎದುರು. ಕುತ್ತಿಗೆ ಬಗ್ಗಿಸಿಕೊಂಡೇ ಇದ್ದ. ನಾಚಿಕೆ ಬಿಟ್ಟುಹೋದವನ ಹಾಗೆ ಅವನು ಕಾಣಲಿಲ್ಲ, ಅದರ ಭಾರಕ್ಕೆ ಕುಸಿಯುತ್ತಿದ್ದ. ಆದರೂ ಕೈ ಚಾಚಿ ಕೂಸನ್ನು ತೆಗೆದುಕೊಂಡು ಎದೆಗೆ ಹಚ್ಚಿದ.

ಕಟ್ಟುವ ಬಟ್ಟೆ ಹಾಲು ಕಾರಿ ಒದ್ದೆಯಾಗಿತ್ತು. ಸಿಸ್ಟರು ಬೇರೆ ತರಲು ಹೊರಟಳು. ಮುರಗೆಪ್ಪನವರು ತಡೆದು, ಎರಡೂ ಕೈಯಿಂದ ತಲೆಯ ಪಟಕಾ ಬಿಚ್ಚಿದರು. "ಮುಂಜಾನೆ ಸುತ್ತಿದ್ದವ್ವ, ಒಗದದ್ದು ಐತಿ," ಎಂದು ಚಾಚಿದರು. ನಮ್ಮ ಕಡೆ ಅಂಥ ಹಿರಿಯರು ಸಾವಿನ ಮನೆಯಲ್ಲಲ್ಲದೆ ಪಟಕಾ ತೆಗೆಯುವುದಿಲ್ಲ. ಬೀಗರ ಮುಂದಂತೂ ಇಲ್ಲವೇ ಇಲ್ಲ, ನಾನು ಬೀಗರ ಮನೆಯ ಹುಡುಗಿ. ನೆರೆತ ನಾಲ್ಕು ಕೂದಲಿನ ಆ ಬರಿದಲೆ ನೋಡಲಾರದೆ ನಾನು ನೆಲ ನೋಡಿದೆ. ಡಾಕ್ಟರು ಆಗಲಿ ಎಂದು ತಲೆಯಾಡಿಸಿದರು. ಕೂಸಿಗೆ ಒಳಗೊಂದು ಶುದ್ಧ ಬಟ್ಟೆ ಹೊದಿಸಿ, ಮೇಲೆ ಪಟಕಾದಿಂದ ಅಪ್ಪ-ಮಗಳಿಬ್ಬರನ್ನೂ ಕೂಡಿಸಿ ಸಿಸ್ಟರು ಸುತ್ತಿದಳು.

ಅಕ್ಕನಿಗೆ ಇದನ್ನು ಯಾರು ಹೇಳುವುದೆಂದು ನನಗೆ ದಿಗಿಲಾಗಿತ್ತು. ಧರೆಪ್ಪ ತಾನೇ ಹೇಳಿದ. ಆ ಸಂಜೆ ಕೂಸನ್ನು ಕಟ್ಟಿಕೊಂಡೇ ಅವಳ ಕೋಣೆಯ ಬಾಗಿಲಿಗೆ ಹೋಗಿ, "ನಾ ಒಮ್ಮೆ ಇಳಿಸಿದ್ದೆ. ಉಸಿರ ನಿಂತಿತ್ತು," ಅಂದ. ಕ್ಷಮಿಸು ಅನ್ನಲಿಲ್ಲ, ಅದನ್ನು ಅನ್ನಲೂ ನಾಚಿಕೆಯಾಗಿರಬೇಕು. ಆಗ ಅವಳಿಗೆ ಪೂರ್ತಿ ಎಚ್ಚರವಿತ್ತು. ಯಾರಿಗಾಗಿ ಎಂದು ಕೇಳಿದಳು, ಅವನು ಹೇಳಿದ.

"ಅವರಿಗೆ ನಾಚಿದ್ರಿ. ಕೂಸಿಗೆ ನಾಚಲಿಲ್ಲಲ್ರಿ," ಅಂದಳು ಅಕ್ಕ. ಗೋಡೆಯ ಕಡೆ ಹೊರಳಿ ಮಲಗಿದಳು. ಅವನು ಬಾಗಿಲಲ್ಲೇ ನಿಂತಿದ್ದು, ಸಿಸ್ಟರು ಬಂದು ಚಳಿಯಾಗುತ್ತದೆ ಎಂದು ಬೈದ ಮೇಲೆ ತಿರುಗಿ ಹೋದ. ಆಮೇಲೆ ಕೆಲವು ದಿನ ಅವಳು ಅವನೊಂದಿಗೆ ಮಾತೇ ಆಡಲಿಲ್ಲ. ನನಗೂ ಅವಳಿಗೆ ಬುದ್ಧಿ ಹೇಳುವ ಮನಸ್ಸಾಗಲಿಲ್ಲ.

ಅವಳು ಎದ್ದು ಕೂಡುವಂತಾದಾಗ ನಾನು ಕೈ ಹಿಡಿದು ಕೂಸಿನ ಕೋಣೆಗೆ ಕರೆದೊಯ್ದೆ. ಮುರಗೆಪ್ಪನವರು ಅಂದಿನಿಂದ ಊರಿಗೆ ಹೋಗಿರಲಿಲ್ಲ. ಮೂಲೆಯ ಸ್ಟೂಲಿನ ಮೇಲೆ ಬರಿದಲೆಯಲ್ಲಿ ಕೂತಿದ್ದರು. ಅಕ್ಕ ಹೊಸ್ತಿಲಲ್ಲಿ ಅವರನ್ನು ಕಂಡು ಸೆರಗು ಮುಖಕ್ಕೆ ಎಳೆದು ನಿಂತುಬಿಟ್ಟಳು. ಆಮೇಲೆ ಗಂಡನ ಎದೆಯ ಮೇಲಿದ್ದ ಕೂಸಿನ ಸಣ್ಣ ತಲೆ ಕಾಣಿಸಿತು. ಒಳಗೆ ಬಂದಳು, ಬಗ್ಗಿ ನೋಡಿದಳು, ಒಂದು ಬೆರಳಿನಿಂದ ಅದರ ಕೆನ್ನೆ ಮುಟ್ಟಿದಳು. ಮಾವ ಕೂತಿರುವಂತೆಯೇ ಗಂಡನ ಮುಖ ನೋಡಿ ಹೇಳಿದಳು:

"ಇನ್ನೊಮ್ಮೆ ಇಳಿಸಬ್ಯಾಡ್ರಿ."

"ಇಲ್ಲ," ಅಂದ ಧರೆಪ್ಪ.

ಮೂಲೆಯಿಂದ ಮುರಗೆಪ್ಪನವರು ಸೊಸೆಯೊಂದಿಗೆ ಮೊದಲ ಸಲ ನೇರವಾಗಿ ಮಾತಾಡಿದರು.

"ನೀ ಹೋಗಿ ಮಲಗವ್ವ. ನಾ ಇಲ್ಲೇ ಕುಂತು ಅವನ್ನ ನೋಡತಿರ್ತೀನಿ."