ಕಿಲ್ಲಾ ನೋಡುವ ದಿನ

ಇಜೇರಿಯ ಚಂದಪ್ಪ ಹೆಂಡತಿ ತುಳಜಾಬಾಯಿಯನ್ನು ಕರೆದುಕೊಂಡು ವಾರಕ್ಕೆರಡು ಸಲ ಕಲಬುರಗಿಗೆ ಹೋಗುತ್ತಿದ್ದ. ಅವನ ಕಿಡ್ನಿ ಕೆಟ್ಟಿತ್ತು. ಅಷ್ಟು ಸಲ ಹೋದರೂ ಆ ಊರಲ್ಲಿ ಅವರು ಕಂಡದ್ದು ಬಸ್‌ಸ್ಟ್ಯಾಂಡ್ ಮತ್ತು ದವಾಖಾನೆ, ಅಷ್ಟೇ.

ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿಕೊಂಡೇ ಚಂದಪ್ಪ ಕೋಟೆ, ಗುಡಿ, ಕೆರೆ ಎಂದು ಊರು ಸುತ್ತುವ ಲೆಕ್ಕ ಹಾಕುತ್ತಿದ್ದ. “ಒಂದಿನ ಸಿಟಿ ಬಸ್ಸಿನ ಪಾಸ್ ತಗೊಳ್ಳೋಣು. ಮುಂಜಾನಿ ಕಿಲ್ಲಾ, ಆಮ್ಯಾಲ ಬುದ್ಧವಿಹಾರ, ಶರಣಬಸಪ್ಪನ ಗುಡ್ಯಾಗ ಊಟ, ಸಂಜಿಗಿ ಅಪ್ಪನ ಕೆರಿ. ಹೆಣ್ಮಕ್ಕಳಿಗೆ ಬಸ್ ಫ್ರೀ ಅದ, ಪಾಸ್ ನನಗಷ್ಟ ಸಾಕು.”

“ಮೊದಲ ನಾಕ ಹೆಜ್ಜಿ ನೆಟ್ಟಗ ನಡೀರಿ, ಆಮ್ಯಾಲ ಕಿಲ್ಲಾ ಹತ್ತೀರಂತ,” ಎಂದು ತುಳಜಾಬಾಯಿ ಸಿಡುಕುತ್ತಿದ್ದಳು.

ಚಂದಪ್ಪ ತೀರಿಕೊಂಡು ಕೆಲವು ತಿಂಗಳಾದ ಮೇಲೆ ಆಕೆ ಒಬ್ಬಳೇ ರೊಟ್ಟಿ ಕಟ್ಟಿಕೊಂಡು ಹೊರಟಳು. ಕಲಬುರಗಿಯಲ್ಲಿ ಸಿಟಿ ಬಸ್ ಹತ್ತಿ ದಿನದ ಪಾಸ್ ಕೇಳಿದಳು.

ಕಂಡಕ್ಟರ್ ನಕ್ಕ. “ನಿಮಗ ಫ್ರೀ ಅದರೀ ಯವ್ವಾ, ಪಾಸ್ ಯಾಕ?”

“ನನಗಲ್ರಿ, ನಮ್ಮನಿಯವರಿಗ್ರಿ.”

ಪಾಸನ್ನು ಚಂದಪ್ಪನ ರುಮಾಲಿನೊಳಗೆ ಸಿಕ್ಕಿಸಿ, ಕಿಟಕಿ ಪಕ್ಕದ ಸೀಟಿನ ಮೇಲೆ ಹಾಸಿ, ತಾನು ಬದಿಯ ಸೀಟಿನಲ್ಲಿ ಕೂತಳು. ರುಮಾಲು ಕಂಡು, ಯಾರೋ ಸೀಟು ಹಿಡಿದಿದ್ದಾರೆಂದು ನಿಂತವರೂ ಅಲ್ಲಿ ಕೂರಲಿಲ್ಲ.

ಬಸ್ಸು ಕಿಲ್ಲಾದ ಕಡೆ ಹೊರಟಿತು. ನಡುದಾರಿಯಲ್ಲಿ ಕಂಡಕ್ಟರ್, “ದವಾಖಾನಿ ಯಾರ್ರೀ, ದವಾಖಾನಿ!” ಎಂದು ಕೂಗಿದ. ತುಳಜಾಬಾಯಿ ಗಡಬಡಿಸಿ ಎದ್ದಳು. ರೊಟ್ಟಿಯ ಗಂಟನ್ನು ಕಂಕುಳಲ್ಲಿ ಅವುಚಿಕೊಂಡು, ಖಾಲಿ ಸೀಟಿನ ಕಡೆ ಕೈ ಚಾಚಿದಳು.

“ಸಾವಕಾಶ ಏಳ್ರಿ, ನಮ್ಮ ಸ್ಟಾಪ್ ಬಂತು.”